ನಿಸರ್ಗನಿಯಮವೂ ಹಸಿದವನ ಅನ್ನವೂ: ಮಧ್ಯಯುಗದ ಕ್ರೈಸ್ತ ತತ್ತ್ವಚಿಂತನೆಯ ಒಂದು ಪ್ರಕರಣ

ಧರ್ಮಶಾಸ್ತ್ರಗಳ ವಿಧಿನಿಷೇಧಗಳು ಯಾವ ಆಧಾರದ ಮೇಲೆ ನಿಂತಿವೆ ಎಂಬ ಪ್ರಶ್ನೆಯು ವಿಚಾರಪರರನ್ನು ಎಲ್ಲ ಕಾಲದಲ್ಲಿಯೂ ಕಾಡಿದೆ. ಕದಿಯಬಾರದೆಂಬ ಒಂದು ನಿಷೇಧವನ್ನೇ ತೆಗೆದುಕೊಳ್ಳೋಣ. ಅರಸನು ದಂಡಿಸುವನೆಂಬ ಕಾರಣದಿಂದ ಕದಿಯಬಾರದೋ, ದೇವರು ಆಜ್ಞಾಪಿಸಿರುವನೆಂಬ ಕಾರಣದಿಂದ ಕದಿಯಬಾರದೋ, ಅಥವಾ ಮನುಷ್ಯನ ವಿವೇಕವೇ ಅದನ್ನು ಅನುಚಿತವೆಂದು ಕಾಣುವುದರಿಂದ ಕದಿಯಬಾರದೋ? ಮೇಲುನೋಟಕ್ಕೆ ಈ ಮೂರು ಉತ್ತರಗಳಲ್ಲಿ ಯಾವುದನ್ನು ಒಪ್ಪಿದರೂ ಫಲ ಒಂದೇ ಎನಿಸಬಹುದು. ಆದರೆ ನಿಯಮವು ಮನುಷ್ಯನ ಜೀವಕ್ಕೇ ಎದುರಾಗಿ ನಿಲ್ಲುವ ಸಂದರ್ಭವೊದಗಿದಾಗ ಈ ಮೂರರ ನಡುವಣ ಅಂತರವು ತಾನಾಗಿ ಪ್ರಕಟವಾಗುತ್ತದೆ. ಮಧ್ಯಯುಗದ ಯುರೋಪಿನ ಕ್ರೈಸ್ತ ವಿದ್ವಾಂಸರು ಈ ವಿಷಯವನ್ನು 'ನಿಸರ್ಗನಿಯಮ' ಎಂಬ ಹೆಸರಿನಲ್ಲಿ ಚರ್ಚಿಸಿದರು. ಅವರ ವಿಚಾರಸರಣಿಯನ್ನು ಹಸಿದವನೊಬ್ಬನು ಅನ್ನವನ್ನು ಕದ್ದ ಪ್ರಕರಣದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕ್ರಿ.ಶ. 1234ರಲ್ಲಿ ಒಂಬತ್ತನೆಯ ಗ್ರೆಗರಿ ಪೋಪನು ಧರ್ಮಸಭೆಯ ಶಾಸನಗಳ ಒಂದು ಸಂಗ್ರಹವನ್ನು ಪ್ರಕಟಿಸಿದನು. ಅದನ್ನು ಸಿದ್ಧಪಡಿಸಿದವನು ಸ್ಪೇನಿನ ಪೆನ್ಯಫೋರ್ಟಿನ ರೇಮಂಡನೆಂಬ ಡೊಮಿನಿಕನ್ ಸಂನ್ಯಾಸಿ. ಈ ಸಂಗ್ರಹವು 1917ರವರೆಗೂ ರೋಮನ್ ಕ್ಯಾಥೊಲಿಕ್ ಧರ್ಮಸಭೆಯ ಅಧಿಕೃತ ಶಾಸನಭಾಗವಾಗಿ ಉಳಿಯಿತು. ಕಳವಿಗೆ ಸಂಬಂಧಿಸಿದ ಅದರ ಅಧ್ಯಾಯದಲ್ಲಿ ಹಳೆಯ ಪ್ರಾಯಶ್ಚಿತ್ತವಿಧಿಯೊಂದು ಸೇರಿದೆ. ಹಸಿವಿನಿಂದಲೋ ಬಟ್ಟೆಯಿಲ್ಲದ ಕಷ್ಟದಿಂದಲೋ ಒಬ್ಬನು ಆಹಾರವನ್ನಾಗಲಿ ಉಡುಪನ್ನಾಗಲಿ ದನಕರುವನ್ನಾಗಲಿ ಕದ್ದರೆ ಅವನು ಮೂರು ವಾರಗಳ ಪ್ರಾಯಶ್ಚಿತ್ತವನ್ನು ಮಾಡತಕ್ಕದ್ದು. ಕದ್ದುದನ್ನು ಹಿಂದಿರುಗಿಸಿದ್ದರೆ ಅವನನ್ನು ಉಪವಾಸಕ್ಕೆ ಬಲವಂತಪಡಿಸತಕ್ಕದ್ದಲ್ಲ ಎಂಬುದು ಅದರ ತಾತ್ಪರ್ಯ. ಇದು ಮೃದುವಾದ ವಿಧಿಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ವ್ಯಾಖ್ಯಾನಕಾರರಿಗೆ ಇದು ತೊಡಕಾಗಿ ಕಂಡಿತು. ಉಪವಾಸದಿಂದ ಸಾಯುವವನು ಅನ್ನವನ್ನು ತೆಗೆದುಕೊಂಡದ್ದು ಪಾಪವೇ ಆಗಿದ್ದರೆ ಮೂರು ವಾರವಷ್ಟೇ ಏಕೆ? ಪಾಪವೇ ಅಲ್ಲವಾದರೆ ಆ ಮೂರು ವಾರವಾದರೂ ಏಕೆ? ಅವರು ಕೊಟ್ಟ ಸಮಾಧಾನ ಗಮನಾರ್ಹವಾದುದು. ಇಲ್ಲಿ ಹೇಳಿರುವುದು ಸಾಮಾನ್ಯವಾದ ಕೊರತೆಯನ್ನು ಕುರಿತು. ಪ್ರಾಣಕ್ಕೆ ಎರವಾಗುವ ಹಸಿವಿನಲ್ಲಿ ತೆಗೆದುಕೊಂಡವನಿಗೆ ಪ್ರಾಯಶ್ಚಿತ್ತವೇ ಇಲ್ಲ ಎಂದು ಅವರು ವಿವರಿಸಿದರು. ಇಷ್ಟು ದಿಟ್ಟವಾದ ಮಾತನ್ನು ಹೇಳುವ ಆಧಾರವು ಅವರಿಗೆ ಎಲ್ಲಿಂದ ದೊರೆಯಿತು? ಇದಕ್ಕೆ ಉತ್ತರವನ್ನು ಹುಡುಕಲು ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ನಿಸರ್ಗನಿಯಮವೆಂಬ ಕಲ್ಪನೆಯನ್ನು ಕ್ರೈಸ್ತ ಚಿಂತಕರು ತಾವೇ ಹುಟ್ಟಿಸಿದವರಲ್ಲ. ಸ್ಟೋಯಿಕ್ ಚಿಂತಕರನ್ನು ಅನುಸರಿಸಿ ರೋಮಿನ ಸಿಸೆರೋ ಪಂಡಿತನು, ನಿಸರ್ಗಕ್ಕೆ ಅನುಗುಣವಾದ ಸದ್ವಿವೇಕವೇ ನಿಜವಾದ ನಿಯಮವೆಂದೂ ಅದು ರೋಮಿಗೊಂದು ಅಥೆನ್ಸಿಗೊಂದು ಎಂಬಂತೆ ಬೇರೆಯಾಗುವುದಿಲ್ಲವೆಂದೂ ಪ್ರತಿಪಾದಿಸಿದ್ದನು. ರೋಮನ್ ನ್ಯಾಯಶಾಸ್ತ್ರಜ್ಞನಾದ ಉಲ್ಪಿಯನ್ ಇದಕ್ಕಿಂತ ಭಿನ್ನವಾಗಿ, ನಿಸರ್ಗವು ಎಲ್ಲ ಪ್ರಾಣಿಗಳಿಗೂ ಕಲಿಸಿದ ನಡವಳಿಕೆಯನ್ನೇ ನಿಸರ್ಗನಿಯಮವೆಂದು ಕರೆದನು. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಪ್ರಕಟಿಸಿದ ನ್ಯಾಯಸಂಗ್ರಹದ ಮೂಲಕ ಈ ಲಕ್ಷಣವು ಮಧ್ಯಯುಗಕ್ಕೆ ತಲುಪಿತು. ಸಂತ ಪೌಲನು ರೋಮಿನವರಿಗೆ ಬರೆದ ಪತ್ರದಲ್ಲಿ, ಧರ್ಮಶಾಸ್ತ್ರವನ್ನು ಪಡೆಯದ ಅನ್ಯಜನರೂ ಸ್ವಭಾವದಿಂದಲೇ ಅದರಂತೆ ನಡೆಯುವುದುಂಟೆಂದೂ, ಆ ಶಾಸ್ತ್ರವು ಅವರ ಹೃದಯದಲ್ಲಿ ಬರೆಯಲ್ಪಟ್ಟಿದೆಯೆಂದೂ ಸೂಚಿಸಿದ್ದನು. ಸೆವಿಲ್ ನಗರದ ಬಿಷಪನಾಗಿ 636ರಲ್ಲಿ ಕಾಲವಾದ ಇಸಿಡೋರನು ಈ ಪರಂಪರೆಗಳನ್ನೆಲ್ಲ ಸಂಗ್ರಹಿಸಿ, ಸ್ತ್ರೀಪುರುಷರ ಕೂಡುವಿಕೆ, ಮಕ್ಕಳ ಪಾಲನೆ, ಎಲ್ಲರಿಗೂ ಒಂದೇ ಸ್ವಾತಂತ್ರ್ಯ, ಎಲ್ಲ ವಸ್ತುಗಳಲ್ಲಿಯೂ ಸಮಾನ ಒಡೆತನ ಇವುಗಳನ್ನು ನಿಸರ್ಗನಿಯಮದ ಉದಾಹರಣೆಗಳಾಗಿ ಪಟ್ಟಿಮಾಡಿದನು. ಈ ಪಟ್ಟಿಯ ಕೊನೆಯ ಅಂಶವೇ ಮುಂದಿನ ಚರ್ಚೆಗೆ ಬೀಜವಾಯಿತು.

ಸುಮಾರು 1140ರಲ್ಲಿ ಇಟಲಿಯ ಬೊಲೋನ್ಯ ನಗರದಲ್ಲಿ ಗ್ರೇಷಿಯನ್ ಎಂಬ ವಿದ್ವಾಂಸನು ಧರ್ಮಸಭೆಯ ಪರಸ್ಪರ ವಿರುದ್ಧವಾದ ವಿಧಿಗಳನ್ನು ಸಮನ್ವಯಗೊಳಿಸುವ ಬೃಹತ್ ಗ್ರಂಥವನ್ನು ರಚಿಸಿದನು. 'ಡಿಕ್ರೆಟಮ್' ಎಂದು ಪ್ರಸಿದ್ಧವಾದ ಈ ಗ್ರಂಥವು ಮನುಕುಲವನ್ನು ಆಳುವುದು ನಿಸರ್ಗನಿಯಮ ಮತ್ತು ಆಚಾರ ಎಂಬ ಎರಡು ಎಂದು ಹೇಳುತ್ತಲೇ ಪ್ರಾರಂಭವಾಗುತ್ತದೆ. ತನಗೆ ಏನನ್ನು ಬಯಸುವನೋ ಅದನ್ನು ಇತರರಿಗೂ ಮಾಡುವುದು, ತನಗೆ ಬೇಡವಾದುದನ್ನು ಇತರರಿಗೆ ಮಾಡದಿರುವುದು, ಇದೇ ನಿಸರ್ಗನಿಯಮದ ಸಾರವೆಂಬುದು ಗ್ರೇಷಿಯನ್ನನ ಅಭಿಪ್ರಾಯ. ಆಚಾರವಾಗಲಿ ಬರೆದ ಶಾಸನವಾಗಲಿ ಇದಕ್ಕೆ ವಿರುದ್ಧವಾದರೆ ಅದು ನಿರರ್ಥಕವೆಂದೂ ಅವನು ಘೋಷಿಸಿದನು. ಆದರೆ ಅದೇ ಗ್ರಂಥದ ಮತ್ತೊಂದೆಡೆ, ನಿಸರ್ಗನಿಯಮದ ದೃಷ್ಟಿಯಲ್ಲಿ ಸಮಸ್ತ ವಸ್ತುಗಳೂ ಎಲ್ಲರಿಗೂ ಸೇರಿದವು. 'ಇದು ನನ್ನದು, ಅದು ನಿನ್ನದು' ಎಂಬ ಭೇದವು ಮಾನವಶಾಸನದಿಂದ ಬಂದುದು ಎಂಬ ಮಾತೂ ಇದೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಖಾಸಗಿ ಆಸ್ತಿಯೇ ನಿರರ್ಥಕವೆಂದು ಹೇಳಬೇಕಾಗುತ್ತದೆ! ಹಾಗೆ ಹೇಳಿದರೆ ಕಳವೆಂಬ ಪದಕ್ಕೆ ಅರ್ಥವೇ ಉಳಿಯದು. ದಶಾಜ್ಞೆಗಳಲ್ಲಿ ಒಂದು ವ್ಯರ್ಥವಾಗುತ್ತದೆ.

ಈ ಇಕ್ಕಟ್ಟಿನಿಂದ ಪಾರಾಗಲು ಗ್ರೇಷಿಯನ್ನನ ವ್ಯಾಖ್ಯಾನಕಾರರು ಸೂಕ್ಷ್ಮವಾದ ವಿವೇಚನೆಯನ್ನು ನಡೆಸಿದರು. 1160ರ ದಶಕದಲ್ಲಿ ವ್ಯಾಖ್ಯಾನ ಬರೆದ ರುಫಿನಸನು ನಿಸರ್ಗನಿಯಮವನ್ನು ಮೂರಾಗಿ ವಿಂಗಡಿಸಿದನು: ವಿಧಿ, ನಿಷೇಧ ಮತ್ತು ಸೂಚನೆ. ದೇವರನ್ನು ಪ್ರೀತಿಸಬೇಕೆಂಬುದು ವಿಧಿ; ಕೊಲ್ಲಬಾರದೆಂಬುದು ನಿಷೇಧ; ಎಲ್ಲವೂ ಎಲ್ಲರದಾಗಿರಲಿ ಎಂಬುದು ಸೂಚನೆ. ಮೊದಲ ಎರಡನ್ನು ಯಾರೂ ಮೀರುವಂತಿಲ್ಲ. ಮೂರನೆಯದು ಲೇಸಾದುದನ್ನು ತೋರಿಸುತ್ತದೆಯೇ ಹೊರತು ಕಟ್ಟಳೆಯಾಗಿ ಬಂಧಿಸುವುದಿಲ್ಲ. ಆದುದರಿಂದ ಮಾನವಸಮಾಜವು ಆಸ್ತಿಯನ್ನು ಹಂಚಿಕೊಂಡರೆ ನಿಸರ್ಗನಿಯಮದ ಉಲ್ಲಂಘನೆಯಾಗುವುದಿಲ್ಲ ಎಂಬುದು ಅವನ ಸಮಾಧಾನ. ಸುಮಾರು 1190ರ ವೇಳೆಗೆ ಹುಗುಚಿಯೊ ಎಂಬ ಮಹಾಪಂಡಿತನು ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಒಳಿತು ಕೆಡುಕುಗಳನ್ನು ಬೇರ್ಪಡಿಸುವ ಆತ್ಮದ ವಿವೇಕಶಕ್ತಿಯೇ ಮುಖ್ಯಾರ್ಥದಲ್ಲಿ ನಿಸರ್ಗನಿಯಮವೆಂದು ಅವನು ನಿರ್ಣಯಿಸಿದನು. ಎಲ್ಲವೂ ಎಲ್ಲರದೆಂಬ ಮಾತಿನ ಅರ್ಥವು ಒಡೆಯರೇ ಇಲ್ಲವೆಂದಲ್ಲ. ಆಪತ್ಕಾಲದಲ್ಲಿ ಉಳ್ಳವರ ವಸ್ತುಗಳು ಇಲ್ಲದವರೊಡನೆ ಹಂಚಿಕೊಳ್ಳತಕ್ಕವು ಎಂದು. ತನ್ನ ಅಗತ್ಯಕ್ಕೆ ಬೇಕಾದುದನ್ನು ಇಟ್ಟುಕೊಂಡು ಮಿಕ್ಕುದನ್ನು ನೆರೆಯವನಿಗೆ ಹಂಚಬೇಕೆಂಬುದನ್ನು ವಿವೇಕವೇ ತಿಳಿಸುತ್ತದೆ ಎಂದು ಅವನು ವಾದಿಸಿದನು.

ಇಲ್ಲಿಂದ ಮತ್ತೊಂದು ಪ್ರಶ್ನೆ ಹುಟ್ಟಿತು. ಉಳ್ಳವನು ಹಂಚದೆ ಹೋದರೆ ಬಡವನು ಮಾಡಬೇಕಾದುದೇನು? ನ್ಯಾಯಾಧೀಶನ ಮುಂದೆ ದಾವೆ ಹೂಡಲು ಅವನಿಗೆ ದಾರಿಯಿರಲಿಲ್ಲ. ಆದರೆ ಧರ್ಮಸಭೆಯ ಅಧಿಕಾರಿಯಾದ ಬಿಷಪನಲ್ಲಿ ಅವನು ದೂರಿಕೊಳ್ಳಬಹುದು; ಬಿಷಪನು ತನ್ನ ಅಧಿಕಾರದಿಂದ ಆ ಶ್ರೀಮಂತನನ್ನು ದಾನಕ್ಕೆ ಬಲವಂತಪಡಿಸಬಹುದು ಎಂದು ಕೆಲವು ಶಾಸ್ತ್ರಜ್ಞರು ಅಭಿಪ್ರಾಯಪಟ್ಟರು. ಸುಮಾರು 1216ರಲ್ಲಿ ಯೋಹಾನಸ್ ಟ್ಯೂಟೋನಿಕಸನು ಸಿದ್ಧಪಡಿಸಿದ, ವಿದ್ಯಾಪೀಠಗಳಲ್ಲಿ ಪ್ರಮಾಣವೆನಿಸಿದ ಟಿಪ್ಪಣಿಯಲ್ಲಿ ಈ ಅಭಿಪ್ರಾಯಕ್ಕೆ ಸ್ಥಾನ ದೊರೆಯಿತು. ದಾನವು ಕೊಡುವವನ ಔದಾರ್ಯಕ್ಕೆ ಬಿಟ್ಟ ವಿಷಯವೆಂಬ ಭಾವನೆಯು ಇಲ್ಲಿ ಸಡಿಲವಾಗಿ, ಬೇಡುವವನಿಗೂ ನ್ಯಾಯವಾದ ಒಂದು ಪಾಲಿದೆಯೆಂಬ ಭಾವನೆಯು ಮೊಳೆಯಿತು.

ಹೀಗೆ ನ್ಯಾಯಶಾಸ್ತ್ರಜ್ಞರು ಹದಮಾಡಿದ ಭೂಮಿಯಲ್ಲಿ ತತ್ತ್ವಶಾಸ್ತ್ರದ ಕೃಷಿಯನ್ನು ನಡೆಸಿದವನು ಸಂತ ಥಾಮಸ್ ಅಕ್ವಿನಾಸ್. ಸುಮಾರು 1225ರಲ್ಲಿ ದಕ್ಷಿಣ ಇಟಲಿಯ ರೊಕ್ಕಸೆಕ್ಕದಲ್ಲಿ ಜನಿಸಿ, 1274ರಲ್ಲಿ ಫೊಸ್ಸನೋವದ ಮಠದಲ್ಲಿ ದೇಹವಿಟ್ಟ ಈ ಡೊಮಿನಿಕನ್ ಸಂನ್ಯಾಸಿಯು ತನ್ನ 'ಸುಮ್ಮಾ ಥಿಯೊಲೊಜಿಯೆ' ಎಂಬ ಮಹಾಗ್ರಂಥದ ಎರಡನೆಯ ಭಾಗದಲ್ಲಿ ನಿಯಮಗಳ ಸ್ವರೂಪವನ್ನು ಕ್ರಮಬದ್ಧವಾಗಿ ನಿರೂಪಿಸಿದ್ದಾನೆ. ಅವನ ಮತದಂತೆ ನಿಯಮವೆಂಬುದು ವಿವೇಕದ ಏರ್ಪಾಡು. ಅದು ಸರ್ವರ ಹಿತಕ್ಕಾಗಿ ಇರುವಂಥದು. ಸಮಾಜದ ಹೊಣೆಯನ್ನು ಹೊತ್ತವನಿಂದ ಹೊರಟು ಎಲ್ಲರಿಗೂ ತಿಳಿಯಪಡಿಸಲ್ಪಟ್ಟುದು. ಈ ನಾಲ್ಕು ಲಕ್ಷಣಗಳಲ್ಲಿ ಮೊದಲನೆಯದು ವಿವೇಕವೇ ಹೊರತು ಇಚ್ಛೆಯಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಜಗತ್ತನ್ನು ನಡೆಸುವ ದೈವೀಪ್ರಜ್ಞೆಯು ಶಾಶ್ವತನಿಯಮ. ವಿವೇಕಿಯಾದ ಜೀವಿಯು ಆ ಶಾಶ್ವತನಿಯಮದಲ್ಲಿ ಭಾಗಿಯಾಗುವುದೇ ನಿಸರ್ಗನಿಯಮ. ಕಲ್ಲೂ ಪಶುವೂ ಶಾಶ್ವತನಿಯಮಕ್ಕೆ ಒಳಪಟ್ಟಿವೆಯಾದರೂ ಅದನ್ನು ಅರಿಯವು. ಮನುಷ್ಯನಾದರೋ ಅರಿತು ತನ್ನನ್ನು ತಾನೇ ನಡೆಸಿಕೊಳ್ಳಬಲ್ಲನು.

ನಿಸರ್ಗನಿಯಮದ ವಿಧಿಗಳು ಒಂದೋ ಅನೇಕವೋ ಎಂಬ ಪ್ರಶ್ನೆಗೆ ಅಕ್ವಿನಾಸನು ಕೊಡುವ ಉತ್ತರ ಪ್ರಸಿದ್ಧವಾದುದು. ಒಂದೇ ವಸ್ತುವು ಏಕಕಾಲದಲ್ಲಿ ಇದೆಯೆಂದೂ ಇಲ್ಲವೆಂದೂ ಹೇಳಲಾಗದೆಂಬುದು ತರ್ಕಕ್ಕೆ ಹೇಗೆ ಮೂಲವೋ, ಒಳಿತನ್ನು ಮಾಡಬೇಕು ಕೆಡುಕನ್ನು ತೊರೆಯಬೇಕೆಂಬುದು ಆಚರಣೆಗೆ ಹಾಗೆ ಮೂಲವಿಧಿ. ಇದಕ್ಕೆ ಪ್ರಮಾಣವನ್ನು ಕೇಳುವಂತಿಲ್ಲ. ಎಲ್ಲ ಪ್ರಮಾಣಗಳೂ ಇದನ್ನೇ ಆಶ್ರಯಿಸಿವೆ. ಈ ಮೂಲವಿಧಿಗಳನ್ನು ಹಿಡಿದಿಟ್ಟುಕೊಂಡಿರುವ ಮನಸ್ಸಿನ ಸಹಜಸಂಸ್ಕಾರಕ್ಕೆ ಆ ಕಾಲದ ಪಂಡಿತರು 'ಸಿಂಡೆರೆಸಿಸ್' ಎಂದು ಹೆಸರಿಟ್ಟಿದ್ದರು. ಮೂಲವಿಧಿಯಿಂದ ಮನುಷ್ಯನ ಸಹಜಪ್ರವೃತ್ತಿಗಳಿಗೆ ಅನುಸಾರವಾಗಿ ಮೂರು ಬಗೆಯ ವಿಧಿಗಳು ಕವಲೊಡೆಯುತ್ತವೆ. ಸಮಸ್ತ ವಸ್ತುಗಳಂತೆ ಮನುಷ್ಯನೂ ತನ್ನ ಇರವನ್ನು ಕಾಪಾಡಿಕೊಳ್ಳಬಯಸುತ್ತಾನೆ. ಪ್ರಾಣಿಗಳಂತೆ ಸಂತಾನವನ್ನು ಪಡೆದು ಪೋಷಿಸಬಯಸುತ್ತಾನೆ. ವಿವೇಕಿಯಾದುದರಿಂದ ದೇವರ ವಿಷಯವಾದ ಸತ್ಯವನ್ನು ಅರಿಯಲೂ ಸಮಾಜದಲ್ಲಿ ಬಾಳಲೂ ಬಯಸುತ್ತಾನೆ. ಉಲ್ಪಿಯನ್ನನ ಪ್ರಾಣಿಧರ್ಮವೂ ಸಿಸೆರೋವಿನ ಸದ್ವಿವೇಕವೂ ಇಲ್ಲಿ ಒಂದೇ ವೃಕ್ಷದ ಕೊಂಬೆಗಳಾಗುತ್ತವೆ.

ಮೂಲವಿಧಿಯು ಎಲ್ಲರಿಗೂ ಒಂದೇ; ಅದನ್ನು ಮನುಷ್ಯಹೃದಯದಿಂದ ಅಳಿಸಿಹಾಕಲಾಗದು. ಆದರೆ ಅದರಿಂದ ಹೊರಟ ಉಪವಿಧಿಗಳು ನಿರ್ದಿಷ್ಟ ಸಂದರ್ಭಗಳಿಗೆ ಇಳಿದಂತೆಲ್ಲ ಅಪವಾದಗಳಿಗೆ ಎಡೆಗೊಡುತ್ತವೆ. ಇಟ್ಟ ಒತ್ತೆಯನ್ನು ಒಡೆಯನಿಗೆ ಹಿಂದಿರುಗಿಸಬೇಕೆಂಬುದು ಯುಕ್ತವಾದ ನಿಯಮ. ಆದರೆ ಸ್ವದೇಶದ ಮೇಲೆ ಯುದ್ಧ ಮಾಡಲು ಅವನು ಅದನ್ನು ಕೇಳುತ್ತಿದ್ದರೆ ಹಿಂದಿರುಗಿಸುವುದು ಯುಕ್ತವಲ್ಲ. ಉಪವಿಧಿಗಳ ಅರಿವು ದುರಾಚಾರದಿಂದ ಮಸುಕಾಗುವುದೂ ಉಂಟು. ಪ್ರಾಚೀನ ಜರ್ಮನ್ನರಲ್ಲಿ ದರೋಡೆಯನ್ನು ತಪ್ಪೆಂದು ಎಣಿಸುತ್ತಿರಲಿಲ್ಲವೆಂಬ ಜೂಲಿಯಸ್ ಸೀಸರನ ಬರಹವನ್ನು ಅಕ್ವಿನಾಸನು ಇದಕ್ಕೆ ಉದಾಹರಿಸುತ್ತಾನೆ. ಸರ್ವರ ಹಿತಕ್ಕೆ ವಿರುದ್ಧವಾದ ರಾಜಶಾಸನವು ಶಾಸನವೆನಿಸದೆ ಬಲಾತ್ಕಾರವೆನಿಸುತ್ತದೆ ಎಂಬುದನ್ನೂ ಅವನು ಸಂತ ಅಗಸ್ಟೀನನನ್ನು ಅನುಸರಿಸಿ ಸ್ಪಷ್ಟಪಡಿಸಿದ್ದಾನೆ.

ಇಷ್ಟನ್ನು ತಿಳಿದ ಮೇಲೆ ಹಸಿದವನ ಪ್ರಕರಣಕ್ಕೆ ಹಿಂದಿರುಗೋಣ. ಖಾಸಗಿ ಆಸ್ತಿಯನ್ನು ಅಕ್ವಿನಾಸನು ಅಲ್ಲಗಳೆಯುವುದಿಲ್ಲ. ತನ್ನದೆಂಬ ವಸ್ತುವನ್ನು ಮನುಷ್ಯನು ಹೆಚ್ಚು ಆಸ್ಥೆಯಿಂದ ನೋಡಿಕೊಳ್ಳುತ್ತಾನೆ, ಕೆಲಸಗಳು ಕ್ರಮವಾಗಿ ನಡೆಯುತ್ತವೆ, ಜಗಳಗಳು ಕಡಮೆಯಾಗುತ್ತವೆ. ಈ ಮೂರು ಕಾರಣಗಳಿಂದ ಆಸ್ತಿಯ ವಿಭಾಗವು ಮಾನವಜೀವನಕ್ಕೆ ಅಗತ್ಯವೆಂದೇ ಅವನು ಹೇಳುತ್ತಾನೆ. ಆದರೆ ಒಡೆತನ ಬೇರೆ, ಉಪಯೋಗ ಬೇರೆ. ಉಪಯೋಗದ ವಿಷಯದಲ್ಲಿ ವಸ್ತುಗಳನ್ನು ಸರ್ವರದೆಂದು ಭಾವಿಸಿ, ಕೊರತೆಯಲ್ಲಿರುವವರಿಗೆ ಸುಲಭವಾಗಿ ಹಂಚಬೇಕು. ಭೂಮಿಯ ವಸ್ತುಗಳು ಇರುವುದು ಮನುಷ್ಯರ ಅಗತ್ಯಗಳನ್ನು ಪೂರೈಸುವುದಕ್ಕಾಗಿ. ಈ ಉದ್ದೇಶವನ್ನು ಸಾಧಿಸಲೆಂದೇ ಮಾನವಶಾಸನವು ಆಸ್ತಿಯನ್ನು ಹಂಚಿತು. ಹಂಚಿಕೆಯೇ ಉದ್ದೇಶವನ್ನು ನುಂಗಿಹಾಕಲಾಗದು. ಆದುದರಿಂದ ಕೊರತೆಯು ಸ್ಪಷ್ಟವೂ ತುರ್ತಿನದೂ ಆಗಿದ್ದು, ಬೇರೆ ಪರಿಹಾರವೇ ಇಲ್ಲದಾಗ, ಒಬ್ಬನು ಇನ್ನೊಬ್ಬನ ವಸ್ತುವನ್ನು ಬಹಿರಂಗವಾಗಿಯೇ ಆಗಲಿ ಗುಟ್ಟಾಗಿಯೇ ಆಗಲಿ ತೆಗೆದುಕೊಂಡು ಪ್ರಾಣವನ್ನು ಉಳಿಸಿಕೊಳ್ಳಬಹುದು. ಸಾಯುತ್ತಿರುವ ನೆರೆಯವನಿಗಾಗಿ ತೆಗೆದುಕೊಳ್ಳುವುದೂ ಹಾಗೆಯೇ ಸಲ್ಲುತ್ತದೆ.

ಈ ವಾದದಲ್ಲಿ ಒಂದು ಸೂಕ್ಷ್ಮವಿದೆ. ಕಳವು ತಪ್ಪಾದರೂ ಹಸಿದವನಿಗೆ ಕ್ಷಮೆಯಿದೆ ಎಂದು ಅಕ್ವಿನಾಸನು ಹೇಳುತ್ತಿಲ್ಲ. ಅದು ಕಳವೇ ಅಲ್ಲ ಎಂದು ಹೇಳುತ್ತಿದ್ದಾನೆ. ಕಳವೆಂದರೆ ಪರರದನ್ನು ಅಪಹರಿಸುವುದು. ಆ ಘಳಿಗೆಯಲ್ಲಿ ಆ ರೊಟ್ಟಿಯು ಪರರದಾಗಿ ಉಳಿದಿಲ್ಲ. ಅಗತ್ಯವೇ ಅದನ್ನು ಅವನದಾಗಿಸಿದೆ. ಕದಿಯಬಾರದೆಂಬ ಆಜ್ಞೆಯು ಇದರಿಂದ ಕೂದಲೆಳೆಯಷ್ಟೂ ಬಾಗಲಿಲ್ಲ. ದಶಾಜ್ಞೆಗಳಿಂದ ಯಾರಿಗೂ ವಿನಾಯಿತಿಯಿಲ್ಲವೆಂದು ಬೇರೆಡೆ ದೃಢವಾಗಿ ನುಡಿದಿರುವ ಅಕ್ವಿನಾಸನು ಇಲ್ಲಿ ತನ್ನ ಮಾತಿಗೆ ತಪ್ಪಿಲ್ಲ. ನಿಯಮದ ಅಕ್ಷರವನ್ನು ಸಡಿಲಿಸುವುದಕ್ಕೂ ಅದರ ಅರ್ಥವನ್ನು ಆಳವಾಗಿ ತಿಳಿಯುವುದಕ್ಕೂ ಇರುವ ಭೇದವನ್ನು ಈ ಪ್ರಕರಣವು ಮನಗಾಣಿಸುತ್ತದೆ.

ಅಕ್ವಿನಾಸನ ಅನಂತರದ ಪಂಡಿತರೆಲ್ಲರೂ ಅವನ ದಾರಿಯಲ್ಲಿಯೇ ನಡೆಯಲಿಲ್ಲ. 1308ರಲ್ಲಿ ಕಲೋನ್ ನಗರದಲ್ಲಿ ಮೃತನಾದ ಡನ್ಸ್ ಸ್ಕೋಟಸನು, ಕಟ್ಟುನಿಟ್ಟಾದ ಅರ್ಥದಲ್ಲಿ ನಿಸರ್ಗನಿಯಮಕ್ಕೆ ಸೇರಿದವು ದೇವರನ್ನು ಕುರಿತ ಆಜ್ಞೆಗಳು ಮಾತ್ರವೆಂದನು. ನೆರೆಯವನನ್ನು ಕುರಿತ ಆಜ್ಞೆಗಳು ಅದರೊಡನೆ ಚೆನ್ನಾಗಿ ಹೊಂದಿಕೊಳ್ಳುತ್ತವೆ; ಆದರೆ ದೇವರು ಇಚ್ಛಿಸಿದರೆ ಅವುಗಳಿಂದ ವಿನಾಯಿತಿ ಕೊಡಬಲ್ಲನು ಎಂಬುದು ಅವನ ಪಕ್ಷ. ಅಬ್ರಹಾಮನು ಮಗನನ್ನು ಬಲಿಕೊಡಲು ಹೊರಟ ಕಥೆಯೂ ಇಸ್ರೇಲರು ಈಜಿಪ್ಟಿನವರ ಒಡವೆಗಳನ್ನು ಒಯ್ದ ಕಥೆಯೂ ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತವೆ. ದೇವರು ಆಜ್ಞಾಪಿಸಿದುದರಿಂದ ಅದು ಒಳಿತಾಯಿತೋ, ಒಳಿತಾದುದರಿಂದ ದೇವರು ಆಜ್ಞಾಪಿಸಿದನೋ ಎಂಬ ಪುರಾತನ ಪ್ರಶ್ನೆಯೇ ಇಲ್ಲಿ ಹೊಸ ರೂಪದಲ್ಲಿ ತಲೆಯೆತ್ತಿದೆ.

ಆದರೂ ಹಸಿದವನ ಪ್ರಕರಣದಲ್ಲಿ ಮಾತ್ರ ಅಕ್ವಿನಾಸನ ನಿರ್ಣಯಕ್ಕೆ ಹತ್ತಿರವಾದ ಮಾತು ಅನಿರೀಕ್ಷಿತವಾದ ಕಡೆಯಿಂದ ಕೇಳಿಬಂದಿತು. ಫ್ರಾನ್ಸಿಸ್ಕನ್ ಸಂನ್ಯಾಸಿಗಳು ತಮಗೆ ವೈಯಕ್ತಿಕವಾಗಿಯಾಗಲಿ ಸಾಮೂಹಿಕವಾಗಿಯಾಗಲಿ ಯಾವ ಆಸ್ತಿಯೂ ಇಲ್ಲವೆಂದೂ, ಉಣ್ಣುವ ಅನ್ನದ ಮೇಲೂ ತಮಗೆ ಒಡೆತನವಿಲ್ಲವೆಂದೂ ವಾದಿಸುತ್ತಿದ್ದರು. 1279ರಲ್ಲಿ ಮೂರನೆಯ ನಿಕೊಲಸ್ ಪೋಪನು ಇದನ್ನು ಮಾನ್ಯಮಾಡಿದ್ದನು. ಆದರೆ ಇಪ್ಪತ್ತೆರಡನೆಯ ಜಾನ್ ಪೋಪನು 1322ರಲ್ಲಿ ಈ ಏರ್ಪಾಡನ್ನು ಮುರಿದನು. 1323ರಲ್ಲಿ ಅಕ್ವಿನಾಸನಿಗೆ ಸಂತಪದವಿಯನ್ನು ಘೋಷಿಸಿದ ಇದೇ ಪೋಪನು ಅದೇ ವರ್ಷ, ಕ್ರಿಸ್ತನಿಗೂ ಅವನ ಶಿಷ್ಯರಿಗೂ ಏನೊಂದೂ ಆಸ್ತಿಯಿರಲಿಲ್ಲವೆಂಬ ವಾದವನ್ನು ಪಾಷಂಡಮತವೆಂದು ಸಾರಿದನು. 1328ರಲ್ಲಿ ವಿಲಿಯಂ ಆಫ್ ಓಕ್ಹ್ಯಾಮ್ ಎಂಬ ಆಂಗ್ಲ ತತ್ತ್ವಜ್ಞನು ತನ್ನ ಪಂಥದ ಮುಖ್ಯಸ್ಥನಾದ ಚೆಸೇನದ ಮೈಕೆಲನೊಡನೆ ಪೋಪನ ಪೀಠವಾಗಿದ್ದ ಅವಿನ್ಯೋನಿನಿಂದ ಪಲಾಯನ ಮಾಡಿ, ಕೊನೆಗೆ ಮ್ಯೂನಿಕ್ಕಿನಲ್ಲಿ ಲೂಯಿ ಅರಸನ ಆಶ್ರಯವನ್ನು ಪಡೆದನು. ಅಲ್ಲಿ ಬರೆದ ಗ್ರಂಥದಲ್ಲಿ ಅವನು, ನ್ಯಾಯಾಲಯದಲ್ಲಿ ಸಾಧಿಸಬಹುದಾದ ಹಕ್ಕು ಬೇರೆ, ನಿಸರ್ಗವೇ ಕೊಟ್ಟ ಉಪಯೋಗದ ಹಕ್ಕು ಬೇರೆ ಎಂದು ವಿಭಾಗಿಸಿದನು. ಸಂನ್ಯಾಸಿಯು ಮೊದಲನೆಯದನ್ನು ತ್ಯಜಿಸಬಹುದು. ಎರಡನೆಯದನ್ನು ಯಾರೂ ತ್ಯಜಿಸಲಾರರು. ಸಾಮಾನ್ಯ ಕಾಲದಲ್ಲಿ ಈ ಹಕ್ಕು ಸುಪ್ತವಾಗಿದ್ದು, ಪ್ರಾಣಾಪಾಯದ ಹೊತ್ತಿನಲ್ಲಿ ಎಚ್ಚೆತ್ತುಕೊಳ್ಳುತ್ತದೆ. ದೇವರ ಇಚ್ಛೆಗೆ ಪ್ರಾಧಾನ್ಯವನ್ನು ಕೊಟ್ಟ ಓಕ್ಹ್ಯಾಮನೂ ವಿವೇಕಕ್ಕೆ ಪ್ರಾಧಾನ್ಯವನ್ನು ಕೊಟ್ಟ ಅಕ್ವಿನಾಸನೂ ಹಸಿದವನ ಮುಂದೆ ಬಂದಾಗ ಹೀಗೆ ಒಂದೇ ಮಾತನ್ನಾಡುತ್ತಾರೆ.

ಈ ಚಿಂತಕರನ್ನು ಹೊಗಳುವ ಭರದಲ್ಲಿ ಅವರ ಮಿತಿಗಳನ್ನು ಮರೆಯುವುದು ಇತಿಹಾಸಕ್ಕೆ ಮಾಡಿದ ಅನ್ಯಾಯವಾದೀತು. ನಿಸರ್ಗದ ದೃಷ್ಟಿಯಲ್ಲಿ ಎಲ್ಲರಿಗೂ ಒಂದೇ ಸ್ವಾತಂತ್ರ್ಯವೆಂಬ ಇಸಿಡೋರನ ಮಾತು ಅವರ ಮುಂದೆ ಇದ್ದೇ ಇತ್ತು. ಆದರೂ ದಾಸ್ಯವನ್ನು ಅಕ್ವಿನಾಸನು ಆಸ್ತಿಯಂತೆಯೇ ಮಾನವವಿವೇಕವು ಜೀವನದ ಅನುಕೂಲಕ್ಕಾಗಿ ನಿಸರ್ಗನಿಯಮಕ್ಕೆ ಸೇರಿಸಿದ ಏರ್ಪಾಡೆಂದು ಬಗೆದು ಒಪ್ಪಿಕೊಂಡನು. ಹಠಹಿಡಿದ ಪಾಷಂಡಿಗಳಿಗೆ ಮರಣದಂಡನೆಯನ್ನು ಅವನು ಸಮರ್ಥಿಸಿದನು. ರೊಟ್ಟಿಯ ವಿಷಯದಲ್ಲಿ ಅಷ್ಟು ದೂರ ಸಾಗಿದ ವಿವೇಕವು ಮನುಷ್ಯನ ಬಿಡುಗಡೆಯ ವಿಷಯದಲ್ಲಿ ಅಷ್ಟು ದೂರ ಸಾಗಲಿಲ್ಲ. ಉಪವಿಧಿಗಳ ಅರಿವು ರೂಢಿಯಿಂದ ಮಸುಕಾಗುವುದೆಂದು ಅವನೇ ಹೇಳಿದ ಮಾತು ಅವನ ಕಾಲಕ್ಕೂ ಅನ್ವಯಿಸುತ್ತದೆ.

ಆದರೆ ಬಿತ್ತಿದ ಬೀಜವು ವ್ಯರ್ಥವಾಗಲಿಲ್ಲ. ಸ್ಪೇನಿನ ಸಲಮಾಂಕ ವಿದ್ಯಾಪೀಠದಲ್ಲಿ ಅಕ್ವಿನಾಸನ ಗ್ರಂಥವನ್ನು ಪಾಠ ಹೇಳುತ್ತಿದ್ದ ಫ್ರಾನ್ಸಿಸ್ಕೊ ದ ವಿಟೋರಿಯನು 1539ರಲ್ಲಿ ಅಮೆರಿಕದ ಮೂಲನಿವಾಸಿಗಳನ್ನು ಕುರಿತು ಉಪನ್ಯಾಸ ಮಾಡುತ್ತ, ಅವರು ಕ್ರೈಸ್ತರಲ್ಲವೆಂಬ ಕಾರಣದಿಂದ ಅವರ ನೆಲದ ಮೇಲಣ ಒಡೆತನವು ಇಲ್ಲವಾಗದೆಂದು ವಾದಿಸಿದನು. ಅದೇ ವಿದ್ಯಾಪೀಠದ ಡೊಮಿಂಗೊ ದ ಸೋಟೊ 1545ರಲ್ಲಿ, ಭಿಕ್ಷುಕರ ಸಂಚಾರವನ್ನು ನಿರ್ಬಂಧಿಸುವ ಕಟ್ಟಳೆಗಳನ್ನು ವಿರೋಧಿಸಿ, ನಿಜವಾದ ಬಡವನಿಗೆ ಊರಿಂದೂರಿಗೆ ಹೋಗಿ ಬೇಡುವ ಸ್ವಾತಂತ್ರ್ಯವಿದೆಯೆಂದು ಸಮರ್ಥಿಸಿದನು. 1625ರಲ್ಲಿ ಹಾಲೆಂಡಿನ ಹ್ಯೂಗೊ ಗ್ರೋಷಿಯಸನು ಯುದ್ಧ ಮತ್ತು ಶಾಂತಿಗಳ ನ್ಯಾಯವನ್ನು ಕುರಿತ ತನ್ನ ಗ್ರಂಥದಲ್ಲಿ ಆಪತ್ಕಾಲದ ಹಕ್ಕಿಗೆ ಸ್ಥಾನ ಕೊಟ್ಟನು. ಮಠಗಳ ಪಾಠಶಾಲೆಗಳಲ್ಲಿ ನಡೆದ ಚರ್ಚೆಯೊಂದು ಹೀಗೆ ಅಂತರರಾಷ್ಟ್ರೀಯ ನ್ಯಾಯದ ತಳಹದಿಗಳಲ್ಲಿ ಒಂದಾಯಿತು.

ಮೂರು ವಾರಗಳ ಪ್ರಾಯಶ್ಚಿತ್ತವನ್ನು ವಿಧಿಸುವ ಚಿಕ್ಕ ಶಾಸನವೊಂದರ ಮುಂದೆ ಆ ವ್ಯಾಖ್ಯಾನಕಾರರು ತಡೆದು ನಿಂತು ಯೋಚಿಸಿದುದರ ಫಲವಿದು. ಶಾಸನದಲ್ಲಿ ಬರೆದಿದೆ, ಅಷ್ಟು ಸಾಕು ಎಂದು ಅವರು ಮುಂದೆ ಸಾಗಬಹುದಾಗಿತ್ತು. ಹಾಗೆ ಮಾಡದೆ, ಈ ನಿಯಮವು ಯಾರಿಗಾಗಿ, ಯಾವ ಹಿತಕ್ಕಾಗಿ ಹುಟ್ಟಿತೆಂದು ಅವರು ಕೇಳಿಕೊಂಡರು. ಯಾವ ಧರ್ಮದ ಶಾಸ್ತ್ರವನ್ನೇ ಓದುವವರಾಗಲಿ, ವಿಧಿನಿಷೇಧಗಳನ್ನು ಓದುವಾಗ ಇದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗುತ್ತದೆ. ಹಸಿದವನು ಬಾಗಿಲಲ್ಲಿ ನಿಂತಾಗ ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ಹೊಣೆ ಅವನದಲ್ಲ, ಒಳಗಿರುವವನದು.